ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಗೆಳೆಯರ ರ‍್ಯಾಂಕಿಂಗ್: ಎಡವುವುದು ಖಾಲಿ ಮನೆಗಳಲ್ಲಿ

ಡಲ್ಲಾಸ್ ಕಡೆ ಇರುವ ನಮ್ಮ ಕನ್ನಡದ ಗ್ಯಾಂಗಿಗೆ ಮಾರ್ಚ್ ಬಂತೆಂದರೆ ಒಂದೇ ಹುಚ್ಚು. ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಮುಗಿಸಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಬರುವ ಹುಡುಗರಲ್ಲಿ ಯಾರು ಮೇಲೆ, ಯಾರು ಕೆಳಗೆ ಅಂತ ಹನ್ನೆರಡು ಜನ ಹನ್ನೆರಡು ಪಟ್ಟಿ ಮಾಡುತ್ತಾರೆ. ಅಷ್ಟನ್ನೂ ಸೇರಿಸಿ ಒಂದೇ ರ‍್ಯಾಂಕಿಂಗ್ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಬೇರೆ ಗ್ರೂಪುಗಳ ರ‍್ಯಾಂಕಿಂಗ್‌ಗಳನ್ನೂ ನೋಡಿದ್ದೇನೆ. ಎಲ್ಲರೂ ಕೆಡಿಸಿಕೊಳ್ಳುವುದು ಒಂದೇ ಜಾಗದಲ್ಲಿ. ಅದು ಹಂತ 4, ಸ್ಪ್ರೆಡ್‌ಶೀಟ್‌ನಲ್ಲಿ ಸಂಖ್ಯೆ ಇಲ್ಲದೆ ಉಳಿಯುವ ಖಾಲಿ ಮನೆಗಳು. ಅವಸರ ಇದ್ದವರು ನೇರ ಅಲ್ಲಿಗೇ ಹೋಗಬಹುದು.

ಹೊಸಬರಿಗೆ ಎರಡು ಮಾತು. ಡ್ರಾಫ್ಟ್ ಅಂದರೆ ಎನ್‌ಎಫ್‌ಎಲ್ ತಂಡಗಳು ಈ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದು. ಡ್ರಾಫ್ಟ್‌ನಲ್ಲಿ ಐಪಿಎಲ್ ಹರಾಜಿನ ಹಾಗೆ ದುಡ್ಡು ಕೂಗುವುದಿಲ್ಲ. ಹಿಂದಿನ ಸೀಸನ್‌ನಲ್ಲಿ ಜಾಸ್ತಿ ಸೋತ ತಂಡಕ್ಕೆ ಮೊದಲ ಆಯ್ಕೆ. 32 ತಂಡ, 7 ಸುತ್ತು, ಏಪ್ರಿಲ್ ಕೊನೆಯಲ್ಲಿ ಮೂರು ದಿನ. ಮೈಸೂರಿನಲ್ಲಿ ಕೂತು ನೋಡುವ ನನ್ನ ಭಾವಮೈದುನನಿಗೆ ಮೊದಲ ಸುತ್ತು ಶುರುವಾಗುವುದು ಶುಕ್ರವಾರ ಬೆಳಗಿನ ಜಾವ ಐದೂವರೆಗೆ.

ಹಂತ 1: ಏನು ಕೇಳುತ್ತಿದ್ದೀರಿ ಅಂತ ಮೊದಲೇ ಹೇಳಿ

'ಯಾರು ಒಳ್ಳೆಯ ಆಟಗಾರ' ಅನ್ನುವುದು ಒಂದು ಪ್ರಶ್ನೆ. ಅದರ ಉತ್ತರ ಬಿಗ್ ಬೋರ್ಡ್. 'ಯಾವ ತಂಡ ಯಾರನ್ನು ತೆಗೆದುಕೊಳ್ಳುತ್ತದೆ' ಅನ್ನುವುದು ಬೇರೆಯೇ ಪ್ರಶ್ನೆ, ಅದು ಮಾಕ್ ಡ್ರಾಫ್ಟ್. ಎರಡನ್ನೂ ಒಂದೇ ಹಾಳೆಯಲ್ಲಿ ಕಲಸಿದರೆ ಚಿತ್ರಾನ್ನ. ನಾವು ಮಾಡುತ್ತಿರುವುದು ಬಿಗ್ ಬೋರ್ಡ್.

ಹಂತ 2: ಹೆಸರುಗಳನ್ನು ನೀವೇ ಕೊಡಿ

ಹೆಸರು ಟೈಪ್ ಮಾಡಲು ಬಿಡಬೇಡಿ. ಒಬ್ಬನೇ ಹುಡುಗ ಮೂರು ಸ್ಪೆಲ್ಲಿಂಗ್‌ನಲ್ಲಿ ಮೂರು ಜನ ಆಗುತ್ತಾನೆ. ಆರಿಸಿಕೊಳ್ಳುವ ಪಟ್ಟಿ ಮಾಡಿ, ಅದರಲ್ಲಿ ಒಬ್ಬನಿಗೆ ಒಂದೇ ಸಾಲು. 2025ರಲ್ಲಿ ಇದು ನನಗೆ ಸರಿಯಾಗಿ ಕೈಕೊಟ್ಟಿತು. ಕೊಲರಾಡೋದ ಟ್ರಾವಿಸ್ ಹಂಟರ್ ವೈಡ್ ರಿಸೀವರ್ (ಚೆಂಡು ಹಿಡಿಯುವವನು) ಕೂಡ ಹೌದು, ಕಾರ್ನರ್‌ಬ್ಯಾಕ್ (ಅದನ್ನು ತಡೆಯುವವನು) ಕೂಡ ಹೌದು. ನಾನು ಆಡುವ ಜಾಗದ ಪ್ರಕಾರ ಪಟ್ಟಿ ಮಾಡಿದ್ದೆ, ಅವನ ಹೆಸರು ಎರಡು ಕಡೆ ಬಂತು. ಅರ್ಧ ಜನ ಅಲ್ಲಿ ಒತ್ತಿದರು, ಅರ್ಧ ಜನ ಇಲ್ಲಿ. ಒತ್ತದೆ ಬಿಟ್ಟ ಕಡೆ ದೊಡ್ಡ ಸಂಖ್ಯೆ ತುಂಬುವುದು ನನ್ನ ಪದ್ಧತಿ (ಹಂತ 4). ಲೆಕ್ಕ ತೆಗೆದರೆ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ ಹುಡುಗ ಎರಡೂ ಕಡೆ 30ರ ಆಚೆ ಬಿದ್ದಿದ್ದ!

ಹಂತ 3: ಗುಟ್ಟಾಗಿ ಪಟ್ಟಿ ತೆಗೆದುಕೊಳ್ಳಿ

ಗ್ರೂಪಿನಲ್ಲಿ ಮೊದಲು ಬಿದ್ದ ಪಟ್ಟಿಯೇ ಉಳಿದವರ ಪಟ್ಟಿಯೂ ಆಗುತ್ತದೆ. ಒಂದು ಫಾರಂ ಕಳಿಸಿ, ಒಂದು ಕೊನೆಯ ದಿನ ಇಡಿ. ಆ ದಿನ ಇಂಡಿಯಾನಾಪೊಲಿಸ್‌ನ ಕಂಬೈನ್ (ಡ್ರಾಫ್ಟ್‌ಗೆ ಮೊದಲು ಹುಡುಗರ ಓಟ, ನೆಗೆತ ಅಳೆಯುವ ಪರೀಕ್ಷೆ) ಮುಗಿದ ಮೇಲೆಯೇ ಇರಲಿ. 2024ರಲ್ಲಿ ಅಲ್ಲಿ ಝೇವಿಯರ್ ವರ್ಥಿ 40 ಗಜ ದೂರವನ್ನು 4.21 ಸೆಕೆಂಡಿನಲ್ಲಿ ಓಡಿದ. ಅದಕ್ಕೆ ಮೊದಲು ಬರೆದ ಪಟ್ಟಿ, ಆಮೇಲೆ ಬರೆದ ಪಟ್ಟಿ ಎರಡನ್ನೂ ಕೂಡಿಸುವುದರಲ್ಲಿ ಅರ್ಥ ಇಲ್ಲ.

'ಇವನಾ, ಅವನಾ' ಅಂತ ಬಟನ್ ಒತ್ತಿಸುವ ಆ್ಯಪ್‌ಗಳ ಸಹವಾಸ ಬೇಡ. ಲಾಗಿನ್ ಇಲ್ಲದ ಒಂದರಲ್ಲಿ ನಾನೇ ಸುಮ್ನೆ ಇಪ್ಪತ್ತು ಸಲ ಒತ್ತಿ ನೋಡಿದ್ದೇನೆ, ಇಪ್ಪತ್ತೂ ಲೆಕ್ಕಕ್ಕೆ ಬಂದವು. ಮೇಲಾಗಿ ಅಲ್ಲಿ ಗೆಲ್ಲುವುದು ಹೆಸರು ಕೇಳಿದವನು. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಎಲ್ಲರಿಗೂ ಗೊತ್ತು. ಅವನನ್ನು ಕಾಯುವ ಸಾಲಿನಲ್ಲಿ ಗಾರ್ಡ್ ಆಡುವವನು ಅವರಮ್ಮನಿಗೆ ಮಾತ್ರ ಗೊತ್ತು.

ಹಂತ 4: ಖಾಲಿ ಮನೆ ತುಂಬುವುದು

ಎಲ್ಲರಿಂದಲೂ 50 ಹೆಸರಿನ ಪಟ್ಟಿ ಬಂತು ಅಂದುಕೊಳ್ಳಿ. ಒಬ್ಬ ಟ್ಯಾಕಲ್‌ನನ್ನು (ಇದೂ ಒಂದು ಆಡುವ ಜಾಗ) ಮೂವರು ಮಾತ್ರ ಬರೆದಿದ್ದಾರೆ: 10, 12, 14. ಉಳಿದ ಒಂಬತ್ತು ಜನರ ಪಟ್ಟಿಯಲ್ಲಿ ಅವನಿಲ್ಲ. ಇನ್ನೊಬ್ಬನನ್ನು ಹನ್ನೆರಡೂ ಜನ 15ರಲ್ಲಿ ಇಟ್ಟಿದ್ದಾರೆ. ಸ್ಪ್ರೆಡ್‌ಶೀಟ್‌ಗೆ ಸರಾಸರಿ ತೆಗಿ ಅಂದರೆ ಖಾಲಿ ಮನೆಗಳನ್ನು ಅದು ಬಿಟ್ಟುಬಿಡುತ್ತದೆ. ಮೊದಲನೆಯವನಿಗೆ 12 ಬರುತ್ತದೆ, ಎಲ್ಲರೂ ಒಪ್ಪಿದವನಿಗೆ 15. ಒಂಬತ್ತು ಜನ ಬೇಡ ಅಂದವನು ಮೇಲೆ! ನಾನು ನೋಡಿದ ಮುಕ್ಕಾಲು ಪಾಲು ರ‍್ಯಾಂಕಿಂಗ್‌ಗಳು ಕೆಟ್ಟಿದ್ದು ಇಲ್ಲೇ.

ಹಾಗಾಗಿ ಖಾಲಿ ಮನೆಗೆ ಒಂದು ಸಂಖ್ಯೆ ತುಂಬಬೇಕು. ಕೆಲವರು 51 ತುಂಬುತ್ತಾರೆ. ಆಗ ಟ್ಯಾಕಲ್‌ನ ಸರಾಸರಿ 41.25. ನನಗೆ ಅದು ಧಾರಾಳ ಅನಿಸುತ್ತದೆ. ಪಟ್ಟಿಯಲ್ಲಿ ಇಲ್ಲದವನು 51ನೆಯವನೂ ಇರಬಹುದು, 150ನೆಯವನೂ ಇರಬಹುದು, ಅಲ್ವಾ? ನಾನು ತುಂಬುವುದು 75, ಅಂದರೆ ಪಟ್ಟಿಯ ಒಂದೂವರೆ ಪಟ್ಟು. ಆಗ 59.25.

ತುಂಬಿದ ಮೇಲೆ ಸರಾಸರಿ ಬಿಡಿ, ಮಧ್ಯಾಂಕ ತೆಗೆದುಕೊಳ್ಳಿ. ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, ನಡುವೆ ಸಿಗುವುದೇ ಮಧ್ಯಾಂಕ. ಒಕ್ಲಹೋಮಾದಲ್ಲಿ ಓದಿದ ನಮ್ಮವನೊಬ್ಬ ಅವರ ಹಳೆಯ ಎದುರಾಳಿ ಟೆಕ್ಸಸ್ ಯೂನಿವರ್ಸಿಟಿ ಹುಡುಗರನ್ನೆಲ್ಲ ಬೇಕಂತಲೇ ತಳಕ್ಕೆ ತಳ್ಳುತ್ತಾನೆ. ಐದು ಜನ 3, 4, 5, 6, 50 ಅಂತ ಕೊಟ್ಟರು ಅನ್ನಿ. ಸರಾಸರಿ 13.6, ಮಧ್ಯಾಂಕ 5. ಅವನ ಕಿತಾಪತಿ ಅಲ್ಲಿಗೆ ಮುಗಿಯಿತು. ಇಬ್ಬರಿಗೆ ಒಂದೇ ಮಧ್ಯಾಂಕ ಬಂದಾಗ ಮಾತ್ರ ಸರಾಸರಿ ನೋಡಿ ಬಿಡಿಸಿ.

ಇದರಲ್ಲೂ ಒಂದು ತೊಡಕಿದೆ. ಅರ್ಧಕ್ಕಿಂತ ಕಡಿಮೆ ಜನ ಬರೆದವರಿಗೆಲ್ಲ ಮಧ್ಯಾಂಕ 75 ಬಂದು, ಎಲ್ಲರೂ ತಳದಲ್ಲಿ ಒಟ್ಟಿಗೆ ಕೂರುತ್ತಾರೆ. ಅವರನ್ನು ರ‍್ಯಾಂಕಿಂಗ್‌ಗೆ ತುರುಕಬೇಡಿ. ನಾನು 'ಜಗಳದ ಪಟ್ಟಿ' ಅಂತ ಬೇರೆ ಹಾಳೆ ಇಡುತ್ತೇನೆ. ಬರೆದ ಮೂವರು ಯಾಕೆ ಬರೆದರು ಅಂತ ಕೇಳಿದರೆ ಒಂದು ಸಂಜೆ ಆರಾಮಾಗಿ ಕಳೆಯುತ್ತದೆ.

ಹಂತ 5: ಬೀಗ ಹಾಕಿ

ಡ್ರಾಫ್ಟ್ ಮುಗಿದ ರಾತ್ರಿಯೇ ಮಾರ್ಕ್ಸ್ ಹಾಕಲು ಕೂರಬೇಡಿ. 2025ರಲ್ಲಿ ನಮ್ಮ ಮೊದಲ ಇಪ್ಪತ್ತರಲ್ಲಿದ್ದ ಕ್ವಾರ್ಟರ್‌ಬ್ಯಾಕ್ ಶೆಡೂರ್ ಸ್ಯಾಂಡರ್ಸ್‌ನನ್ನು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ತೆಗೆದುಕೊಂಡಿದ್ದು ಐದನೇ ಸುತ್ತಿನಲ್ಲಿ, 144ನೆಯವನಾಗಿ. ತಂಡಗಳು ಹುಡುಗರನ್ನು ಕೂರಿಸಿ ಮಾತಾಡಿಸುತ್ತವೆ, ಡಾಕ್ಟರ ಹತ್ತಿರ ತೋರಿಸುತ್ತವೆ. ನಮ್ಮ ಹತ್ತಿರ ಅದೆಲ್ಲ ಎಲ್ಲಿದೆ? ಹಾಗಂತ ತಂಡಗಳೂ ಎಡವದೆ ಇಲ್ಲ. 2022ರಲ್ಲಿ ಕಟ್ಟಕಡೆಯ, 262ನೇ ಆಯ್ಕೆಯಾದ ಬ್ರಾಕ್ ಪರ್ಡಿ ಎರಡನೇ ಸೀಸನ್ನಿಗೇ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್ ಆಡಿದ.

ಕನಿಷ್ಠ ಮೂರು ವರ್ಷ ಕಾಯಿರಿ. ನಮ್ಮ 2025ರ ಫೈಲು ತೆರೆಯುವುದು 2028ರ ಏಪ್ರಿಲ್‌ನಲ್ಲಿ. ನೋಡಲು ಹನ್ನೆರಡೂ ಜನರಿಗೆ ಅನುಮತಿ ಇದೆ. ತಿದ್ದಲು ಯಾರಿಗೂ ಇಲ್ಲ, ಅದರಲ್ಲೂ ಒಕ್ಲಹೋಮಾದವನಿಗೆ.