ಎಸ್.ಪಿ. ರಸ್ತೆಯ ಹಳೆಯ ಯಂತ್ರದಲ್ಲಿ ಗುಹೆಯ ಮಣ್ಣಿನ ಡಿಎನ್‌ಎ

ಗುಹೆಯ ಮಣ್ಣಿನಲ್ಲಿರುವ ಪ್ರಾಚೀನ ಮಾನವರ ಡಿಎನ್‌ಎಯನ್ನು ಮನೆಯ ಮೇಜಿನ ಮೇಲಿನ ಯಂತ್ರದಲ್ಲಿ ಗುರುತಿಸುವುದು ಆಗದ ಮಾತು ಎಂದು ಜೊತೆಯವರೆಲ್ಲ ಹೇಳಿದ್ದರು. ಕಳೆದ ತಿಂಗಳು ಆಯಿತು, ಆದ್ದರಿಂದ ಬರೆಯುತ್ತಿದ್ದೇನೆ.

ಸೈಬೀರಿಯಾದ ಡೆನಿಸೋವಾ ಮೊದಲಾದ ಗುಹೆಗಳಲ್ಲಿ ಮೂಳೆಯ ಚೂರೂ ಇಲ್ಲದೆ, ಬರಿಯ ಮಣ್ಣಿನಿಂದಲೇ ಪ್ರಾಚೀನ ಮಾನವರ ಮೈಟೊಕಾಂಡ್ರಿಯಾ ಡಿಎನ್‌ಎ ತೆಗೆಯಬಹುದೆಂದು 2017ರಲ್ಲಿ ತೋರಿಸಿದ ಲೈಪ್‌ಜಿಗ್‌ನ ತಂಡದ ದತ್ತಾಂಶ ಮುಕ್ತವಾಗಿ ಸಿಗುತ್ತದೆ. ಅದರಲ್ಲಿ 30 ಚಿಲ್ಲರೆ ಲೈಬ್ರರಿಗಳನ್ನು, ಅಂದರೆ ಓದಲು ಸಿದ್ಧಪಡಿಸಿದ ಡಿಎನ್‌ಎ ತುಣುಕುಗಳ ಸಂಗ್ರಹಗಳ ದತ್ತಾಂಶವನ್ನು, ಇಳಿಸಿಕೊಂಡೆ. ಮೊದಲು ಕ್ಲೌಡ್ ಸರ್ವರ್ ಬಾಡಿಗೆಗೆ ಪಡೆದಿದ್ದೆ. ಅದನ್ನು ನಿಲ್ಲಿಸದೆ ಊರಿನ ಜಾತ್ರೆಗೆ ಹೋಗಿ ಬರುವಷ್ಟರಲ್ಲಿ ಬಿಲ್ಲು 38 ಸಾವಿರ ಮುಟ್ಟಿತ್ತು. ಮತ್ತೊಂದು 30 ಸಾವಿರ ಹೊಂದಿಸಿ ಎಸ್.ಪಿ. ರಸ್ತೆಯಲ್ಲಿ 64 ಜಿಬಿ ರ್‍ಯಾಮ್‌ನ ಹಳೆಯ ವರ್ಕ್‌ಸ್ಟೇಷನ್ ತಂದೆ. ತುಣುಕು ಯಾವ ಜೀವಿಯದೆಂದು ಗುರುತಿಸುವ ತಂತ್ರಾಂಶವಾದ ಕ್ರಾಕನ್‌ಯುನಿಕ್‌ನ ದೊಡ್ಡ ಡೇಟಾಬೇಸ್ ಅದರಲ್ಲಿ ಹಿಡಿಸದ ಕಾರಣ ಸಸ್ತನಿಗಳ ಮೈಟೊಕಾಂಡ್ರಿಯಾ ಜೀನೋಮುಗಳನ್ನಷ್ಟೇ ಇಟ್ಟು, 35 ಬೇಸ್‌ಗಿಂತ (ಬೇಸ್ ಎಂದರೆ ಡಿಎನ್‌ಎಯ ಒಂದು ಅಕ್ಷರ) ಚಿಕ್ಕ ತುಣುಕುಗಳನ್ನು ಮೊದಲೇ ಬಿಸಾಡಿದೆ. ಎಲ್ಲರೂ ಕೊನೆಗೆ ಮಾಡುವ ಒಂದು ಕೆಲಸವನ್ನೂ ಮುಂದಕ್ಕೆ ತಂದೆ. ಅದು ಯಾವುದೆಂದು ಸದ್ಯಕ್ಕೆ ಹೇಳಲಾರೆ.

ಮೂರು ತಿಂಗಳು ಹಾಳಾದದ್ದು ನನ್ನದೇ ತಪ್ಪಿನಿಂದ. ಡಿಎನ್‌ಎ ಹಳೆಯದಾದಂತೆ ತುಣುಕಿನ ತುದಿಗಳಲ್ಲಿ ಸಿ ಅಕ್ಷರ ಟಿ ಎಂದು ಓದಿಸಿಕೊಳ್ಳುತ್ತದೆ, ಪ್ರಾಚೀನ ಎನ್ನಲು ಅದೇ ಗುರುತು. ತುಣುಕಿನ ಆರಂಭದ ತುದಿಯಲ್ಲಿ (5′) ಸಿ ಹೋಗಿ ಟಿ ಆದ ಗುರುತು ಚೆನ್ನಾಗಿ ಕಾಣುತ್ತಿತ್ತು, ಕೊನೆಯ ತುದಿ (3′) ಮಾತ್ರ ಖಾಲಿ. ಎಲ್ಲವೂ ಇಂದಿನವರ ಕೈಬೆರಕೆ ಎಂದು ಬರೆದುಕೊಂಡು ಮುಚ್ಚಿಟ್ಟಿದ್ದೆ. ಆ ಲೈಬ್ರರಿಗಳು ಒಂಟಿ ಎಳೆಯವು, ಅಂದರೆ ಡಿಎನ್‌ಎಯ ಜೋಡಿ ಎಳೆಗಳನ್ನು ಬಿಡಿಸಿ ಒಂದೊಂದರಿಂದ ತಯಾರಿಸಿದವು. ಅವುಗಳಲ್ಲಿ ಎರಡೂ ತುದಿಗಳಲ್ಲಿ ಸಿಯೇ ಟಿ ಆಗುತ್ತದೆ. ನಾನೋ ಜೋಡಿ ಎಳೆಯ ಅಭ್ಯಾಸದಿಂದ ಕೊನೆಯ ತುದಿಯಲ್ಲಿ ಜಿ ಹೋಗಿ ಎ ಆದದ್ದನ್ನು ಎಣಿಸುತ್ತಿದ್ದೆ. ಸ್ಕ್ರಿಪ್ಟಿನಲ್ಲಿ ತಿದ್ದಿದ್ದು ಎರಡು ಅಕ್ಷರ.

ಆಮೇಲಿನ ಕಾಟ ದನದ ಜಾತಿಯ ಪ್ರಾಣಿಗಳದು. ಎಲ್ಲ ಸಸ್ತನಿಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವ 16ಎಸ್ ಎಂಬ ಜೀನಿನ ಭಾಗದಲ್ಲಿ ಅವುಗಳ ತುಣುಕುಗಳು ಮನುಷ್ಯನ ಜೀನೋಮಿಗೂ ಅಂಟಿಕೊಂಡು, ಅಷ್ಟು ಜಾಗದಲ್ಲಿ ಮಾತ್ರ ಗೋಪುರದಂತೆ ಏಳುತ್ತಿದ್ದವು. ನಿಜವಾದ ಮಾನವ ಡಿಎನ್‌ಎ 16,569 ಬೇಸ್‌ಗಳ ಉದ್ದಕ್ಕೂ ಚದುರಿ ಬೀಳುತ್ತದೆ. ಈ ನಡುವೆ ಕುತೂಹಲಕ್ಕೆ, ಹಳೆಯದರಂತೆ ಕಾಣಲು ಕೃತಕವಾಗಿ ಹಾಳುಗೆಡವಿದ ಮಾನವ ತುಣುಕುಗಳನ್ನು ದನದ ಡಿಎನ್‌ಎಯಲ್ಲಿ ಸಾವಿರಕ್ಕೆ ಒಂದರಂತೆ ಬೆರೆಸಿ ನೋಡಿದೆ. ಅಂಥ ತುಣುಕುಗಳು ನೂರಕ್ಕಿಂತ ಕಡಿಮೆ ಇದ್ದರೆ ನನ್ನ ವಿಧಾನ ಅವುಗಳ ಬಗ್ಗೆ ಏನನ್ನೂ ಖಚಿತವಾಗಿ ಹೇಳುವುದಿಲ್ಲ.

ಕೊನೆಗೆ, ಎರಡೂ ತುದಿಗಳಲ್ಲಿ ಬದಲಾವಣೆಯ ಪ್ರಮಾಣ ಶೇಕಡಾ 10ಕ್ಕಿಂತ ನಿಸ್ಸಂದೇಹವಾಗಿ ಹೆಚ್ಚಿದ್ದ ಲೈಬ್ರರಿಗಳನ್ನಷ್ಟೇ ಉಳಿಸಿಕೊಂಡೆ. ಲೈಪ್‌ಜಿಗ್ ತಂಡದ ಪ್ರಬಂಧದಲ್ಲಿ ನಿಯಾಂಡರ್ತಾಲ್ ಎಂದಿದ್ದ ಮಾದರಿ ನನ್ನಲ್ಲೂ ನಿಯಾಂಡರ್ತಾಲ್ ಎಂದೇ ಬಂತು. ಒಂದು ಲೈಬ್ರರಿಗೆ ಹಿಡಿದದ್ದು 40 ನಿಮಿಷದ ಆಸುಪಾಸು.

ಆಗದ ಮಾತು ಎಂದಿದ್ದ ಗೆಳೆಯರೊಬ್ಬರು ಮೊನ್ನೆ ತಮ್ಮ ದತ್ತಾಂಶವನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರು. ಅದರ ಲೈಬ್ರರಿಗಳು ಜೋಡಿ ಎಳೆಯವು. ಆ ಎರಡು ಅಕ್ಷರಗಳನ್ನು ಮತ್ತೆ ಮೊದಲಿನಂತೆ ಮಾಡಿದ್ದೇನೆ.