ಅಡಿಕೆ ಚಪ್ಪರದಿಂದ ಡಿಸಿ ಕಚೇರಿಗೆ

ನಮ್ಮದು ಮುಳುಗಡೆ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಶರಾವತಿ ಕಣಿವೆಯಿಂದ ಎಬ್ಬಿಸಿ, ಲಾರಿಯಲ್ಲಿ ತುಂಬಿ ತಂದು ಕಾಡಿನ ಅಂಚಿಗೆ ಇಳಿಸಿದ ಸಾವಿರಾರು ಮನೆಗಳಲ್ಲಿ ನನ್ನ ಅಜ್ಜನದೂ ಒಂದು. ಅಂದಿನಿಂದ ಉಳುತ್ತಿರುವ ಜಮೀನಿಗೆ ಇಂದಿಗೂ ಹಕ್ಕುಪತ್ರ ಸಿಕ್ಕಿಲ್ಲ. ಅರಣ್ಯ ಇಲಾಖೆಯ ಕಡತದಲ್ಲಿ ಅದು ಈಗಲೂ ಕಾಡೇ. "ದಾಖಲೆ ತಗೊಂಡು ಬನ್ನಿ" ಎಂಬ ಮಾತನ್ನು ಮೂರು ತಲೆಮಾರು ಕೇಳಿಸಿಕೊಂಡ ಮನೆ ನಮ್ಮದು. 2019ರ ನವೆಂಬರಿನಲ್ಲಿ ಗೃಹ ಸಚಿವರು ರಾಜ್ಯಸಭೆಯಲ್ಲಿ ಎನ್‌ಆರ್‌ಸಿ (ರಾಷ್ಟ್ರೀಯ ಪೌರತ್ವ ನೋಂದಣಿ, ಅಂದರೆ ನಾಗರಿಕರ ಪಟ್ಟಿ) ದೇಶಕ್ಕೆಲ್ಲ ಬರುತ್ತದೆ ಎಂದರು. ಡಿಸೆಂಬರ್ 12ಕ್ಕೆ ಪೌರತ್ವ ತಿದ್ದುಪಡಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆಗ ನನಗೆ ಮೊದಲು ನೆನಪಾದವಳು ಅಮ್ಮ. ಅವಳಿಗೆ ಜನನ ಪ್ರಮಾಣಪತ್ರವಿಲ್ಲ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹುಟ್ಟಿದ ಊರನ್ನು ತೋರಿಸೋಣವೆಂದರೆ ಆ ಊರು ಹಿನ್ನೀರಿನ ಅಡಿಯಲ್ಲಿದೆ.

ಅದಕ್ಕೂ ಮುಂಚೆ ನಾನು ಮುಳುಗಡೆ ಸಂತ್ರಸ್ತರ ಧರಣಿಗಳಲ್ಲಿ ಕೂತವಳೇ. ಆದರೆ ನಮ್ಮ ಜಮೀನಿಗಾಗಿ ಕೂರುವುದು ಬೇರೆ, ಇನ್ನೊಬ್ಬರನ್ನು ಧರ್ಮ ನೋಡಿ ಹೊರಗಿಡುವ ಕಾನೂನಿನ ವಿರುದ್ಧ ನಿಲ್ಲುವುದು ಬೇರೆ. ಊರಲ್ಲಿ ನಾಳೆಯೂ ಮುಖ ಕೊಟ್ಟು ಬದುಕಬೇಕು. ಹಾಗಾಗಿ ಬೀದಿಗೆ ಇಳಿಯುವ ಮುಂಚೆ ಕಾಯ್ದೆಯನ್ನು ಓದಿಕೊಂಡೆ. ಇಂಥ ಪ್ರತಿಭಟನೆಗೆ ಹೋಗುವ ಯಾರಿಗಾದರೂ ನಾನು ಹೇಳುವ ಮೊದಲ ಮಾತೂ ಅದೇ: ಘೋಷಣೆ ಆಮೇಲೆ ಕಲಿಯಬಹುದು, ಕಾನೂನು ಏನು ಹೇಳುತ್ತದೆ ಎಂಬುದು ನಿಮ್ಮ ಬಾಯಲ್ಲಿ ನಿಮ್ಮದೇ ಮಾತಿನಲ್ಲಿ ಬರಬೇಕು.

ಓದಿದ್ದನ್ನು ಮೊದಲು ಹೇಳಿದ್ದು ಅಡಿಕೆ ಸುಲಿಯುವ ಚಪ್ಪರದಲ್ಲಿ. ನಮ್ಮಲ್ಲಿ ಡಿಸೆಂಬರ್ ಅಂದರೆ ಕೊಯ್ಲಿನ ಕಾಲ. ರಾತ್ರಿ ಊಟ ಮುಗಿಸಿ ಹೆಂಗಸರೆಲ್ಲ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರೆ. ಕೈ ತನ್ನ ಪಾಡಿಗೆ ಸುಲಿಯುತ್ತಿರುತ್ತದೆ, ಬಾಯಿಗೆ ಬಿಡುವು. ನಾನು ನಮ್ಮ ಮನೆಯನ್ನೇ ಉದಾಹರಣೆ ಮಾಡಿಕೊಂಡೆ. ತಿದ್ದುಪಡಿಗೂ ಮುಂಚಿನಿಂದ ಇರುವ ಮೂಲ ಪೌರತ್ವ ಕಾಯ್ದೆಯ ಲೆಕ್ಕ ಹೀಗಿದೆ: 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದ್ದರೆ ಸಾಕು, ನಾಗರಿಕರು. ಅದು ಅಮ್ಮನ ಲೆಕ್ಕ. ಅಲ್ಲಿಂದ 2004ರ ಡಿಸೆಂಬರ್ 3ಕ್ಕೆ ಮುಂಚಿನವರೆಗೆ ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರಾದರೂ ನಾಗರಿಕರಾಗಿರಬೇಕು, ಅದು ನನ್ನದು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ನಾಗರಿಕರಾಗಿರಬೇಕು, ಇಲ್ಲವೇ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅದು ನನ್ನ ಮಗಳದು. ಒಂದೇ ಒಲೆಯ ಅನ್ನ ಉಣ್ಣುವ ಮೂವರಿಗೆ ಮೂರು ಲೆಕ್ಕ. ಅಮ್ಮನ ಕಾಗದ ಬಿದ್ದುಹೋದರೆ ನನ್ನದು ಅಲುಗಾಡುತ್ತದೆ, ನನ್ನದು ಅಲುಗಾಡಿದರೆ ಮಗಳದು.

"ಹಂಗಾದ್ರೆ ನಮ್ ಅತ್ತೆ ಕಾಗದ ಯಾರ್ ಕೊಡ್ತಾರೆ ಮಾರಾಯ್ತಿ? ಅವ್ರ್ ಹುಟ್ಟಿದ್ದು ಯಾವ್ ವರ್ಷ ಅಂತ ಅವ್ರಿಗೇ ಗೊತ್ತಿಲ್ಲ" ಎಂದು ಪಕ್ಕದ ಮನೆಯ ಅಕ್ಕ ಸುಲಿಯುವುದನ್ನು ನಿಲ್ಲಿಸಿ ಕೇಳಿದರು. ಸುಲಿಯುತ್ತಿದ್ದ ಅಡಿಕೆ ಕೈಯಲ್ಲೇ ಉಳಿದಿತ್ತು. ಕಾಯ್ದೆ ಅವರಿಗೆ ಅರ್ಥವಾಯಿತು ಎಂದು ನನಗೆ ಗೊತ್ತಾಗಿದ್ದು ಆ ಪ್ರಶ್ನೆಯಿಂದ.

ಎದುರು ಮಾತೂ ಬಂತು. ನಮ್ಮ ಚಿಕ್ಕಪ್ಪ, "ಇದು ಪೌರತ್ವ ಕೊಡೋ ಕಾನೂನು ಕಣೇ, ಕಿತ್ಕೊಳ್ಳೋದಲ್ಲ" ಎಂದರು. ಸರ್ಕಾರ ಹೇಳುತ್ತಿದ್ದುದೂ ಅದನ್ನೇ. ಕಾಯ್ದೆಯ ಅಕ್ಷರ ಮಾತ್ರ ನೋಡಿದರೆ ಅವರ ಮಾತು ಸುಳ್ಳಲ್ಲ, ಅದನ್ನು ಒಪ್ಪಿಕೊಂಡೇ ಮುಂದೆ ಮಾತಾಡಬೇಕು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಅದು ದಾರಿ ಮಾಡಿಕೊಡುತ್ತದೆ. ಕಷ್ಟಪಟ್ಟು ಓಡಿಬಂದವರಿಗೆ ನೆಲೆ ಸಿಗಲಿ, ಅದಕ್ಕೆ ನನ್ನ ತಕರಾರಿಲ್ಲ. ಪಟ್ಟಿಯಲ್ಲಿ ಮುಸ್ಲಿಮರನ್ನು ಬಿಟ್ಟಿದ್ದಕ್ಕೆ ನನ್ನ ತಕರಾರು. ಪಾಕಿಸ್ತಾನದಲ್ಲಿ ಹಿಂಸೆ ಉಣ್ಣುವ ಅಹ್ಮದೀಯರು ಅದರಲ್ಲಿಲ್ಲ. ಮ್ಯಾನ್ಮಾರಿನ ರೋಹಿಂಗ್ಯಾಗಳಿಲ್ಲ. ಶ್ರೀಲಂಕಾದಿಂದ ಬಂದ ತಮಿಳು ಹಿಂದೂಗಳೂ ಇಲ್ಲ. ಹಿಂಸೆಯೇ ಅಳತೆಗೋಲಾಗಿದ್ದರೆ ಇವರೆಲ್ಲ ಯಾಕೆ ಹೊರಗೆ? ಇನ್ನು ಅಸ್ಸಾಂ. 2019ರ ಆಗಸ್ಟ್ 31ರಂದು ಅಲ್ಲಿ ಬಂದ ಅಂತಿಮ ಎನ್‌ಆರ್‌ಸಿ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅಂಥದೇ ಪಟ್ಟಿ ಇಲ್ಲಿಗೂ ಬಂದರೆ, ಕಾಗದವಿಲ್ಲದ ಅಮ್ಮನಿಗೂ ಕಾಗದವಿಲ್ಲದ ನಮ್ಮೂರ ಸಾಬರ ಅಜ್ಜಿಗೂ ಒಂದೇ ಗತಿಯಾಗುತ್ತದೆಯೇ? ಚಿಕ್ಕಪ್ಪ ಒಪ್ಪಲಿಲ್ಲ. ಆದರೆ ನನ್ನನ್ನು ತಡೆಯಲೂ ಇಲ್ಲ.

ತಡೆದವನು ಅಣ್ಣ. ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತಿದ್ದರು. ಅದೇ ದಿನ ಬೆಂಗಳೂರಿನಲ್ಲಿ 144ನೇ ಸೆಕ್ಷನ್ ಹಾಕಿ, ಟೌನ್ ಹಾಲ್ ಎದುರು ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೇ ವಶಕ್ಕೆ ತೆಗೆದುಕೊಂಡಿದ್ದು ಟಿವಿಯಲ್ಲಿ ಬರುತ್ತಿತ್ತು. "ಅಂಥೋರ್ನೇ ಎಳ್ಕೊಂಡ್ ಹೋಗ್ತಾರೆ, ನೀನ್ ಯಾವ್ ಲೆಕ್ಕ" ಎಂದ. ಅವನ ಭಯಕ್ಕೆ ಕಾರಣವಿತ್ತು. ಬೆಂಗಳೂರಿನ ಆ ನಿಷೇಧಾಜ್ಞೆ ಕಾನೂನಿಗೆ ವಿರುದ್ಧವಾಗಿತ್ತು ಎಂದು ಹೈಕೋರ್ಟ್ ಹೇಳಿದ್ದು 2020ರ ಫೆಬ್ರವರಿಯಲ್ಲಿ. ಆ ಹೊತ್ತಿಗೆ ನಮ್ಮ ಕೈಯಲ್ಲಿ ಅಂಥ ಆಸರೆ ಇರಲಿಲ್ಲ. ನಿಷೇಧಾಜ್ಞೆ ಇದ್ದ ದಿನ ನಾವು ಹೋಗುವುದಿಲ್ಲ, ಅನುಮತಿ ಪಡೆದ ಸಭೆಗೆ ಮಾತ್ರ ಹೋಗುತ್ತೇವೆ ಎಂದು ಅವನಿಗೆ ಮಾತು ಕೊಟ್ಟೆ. ಅದನ್ನು ಉಳಿಸಿಕೊಂಡೆ ಕೂಡ.

ಶಿವಮೊಗ್ಗದ ಸಭೆಗೆ ಹೊರಡುವ ಮುಂಚೆ ಏನೇನು ಮಾಡಿಕೊಂಡೆವು ಎಂಬುದನ್ನು ಹೇಳಿಬಿಡುತ್ತೇನೆ. ಅನುಮತಿಯ ಅರ್ಜಿಯಲ್ಲಿ ಜಾಗ, ಹೊತ್ತು, ಮೆರವಣಿಗೆಯ ದಾರಿ, ಮೈಕು ಎಲ್ಲವನ್ನೂ ಸಂಘಟಕರು ಬರೆದುಕೊಟ್ಟಿದ್ದರು. ಅದರ ಪ್ರತಿಯ ಫೋಟೋ ನಮ್ಮ ಫೋನುಗಳಲ್ಲಿತ್ತು. ಫಲಕಗಳಿಗೆ ಕೋಲು ಕಟ್ಟಲಿಲ್ಲ. ಕೈಯಲ್ಲಿ ಕೋಲು ಕಂಡರೆ ಅದಕ್ಕೆ ಬೇರೆಯೇ ಅರ್ಥ ಕಟ್ಟುತ್ತಾರೆ, ಸಂವಿಧಾನದ 19ನೇ ವಿಧಿ ಕೊಟ್ಟಿರುವುದೂ ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಎದೆಗೆ ಹಿಡಿದುಕೊಂಡೆವು. ನನ್ನದರಲ್ಲಿ "ನನ್ನ ಅಮ್ಮ ಹುಟ್ಟಿದ ಊರು ನೀರಿನಲ್ಲಿದೆ, ಕಾಗದ ಎಲ್ಲಿಂದ ತರಲಿ?" ಎಂದಿತ್ತು. ವಕೀಲರೊಬ್ಬರ ನಂಬರನ್ನು ಒಳಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆವು, ಫೋನ್ ಕಸಿದುಕೊಂಡರೂ ಅದು ಉಳಿಯುತ್ತದೆ. ಬಂಧಿಸಿದರೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಎದುರು ನಿಲ್ಲಿಸಬೇಕು, ವಿಶೇಷ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವ ಹಾಗಿಲ್ಲ. ಇಷ್ಟನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೆ.

ಗೋಪಿ ಸರ್ಕಲ್ಲಿನಲ್ಲಿ ಬಸ್ಸಿಳಿದು ನಡೆದಾಗ ಎದುರಿಗೆ ಬಂದವರು ಬಹುಪಾಲು ಮುಸ್ಲಿಂ ಹೆಂಗಸರು. ಎಷ್ಟೋ ಜನ ಮೊದಲ ಸಲ ಪ್ರತಿಭಟನೆಗೆ ಬಂದವರು, ಕಂಕುಳಲ್ಲಿ ಕೂಸುಗಳು. ನಮ್ಮ ಹಣೆಯ ಕುಂಕುಮ ನೋಡಿ ಒಬ್ಬ ಹಿರಿಯರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ನನ್ನ ಫಲಕವನ್ನು ಮೊಮ್ಮಗಳ ಕೈಲಿ ಓದಿಸಿಕೊಂಡು, "ನಿಮ್ದೂ ಇಲ್ವಾ ಮಗಾ?" ಎಂದರು. ಇಲ್ಲ ಎಂದೆ. ಸೆರಗಿನ ಗಂಟಿನಿಂದ ರೇಷನ್ ಕಾರ್ಡು ತೆಗೆದು ತೋರಿಸಿದರು. ಪ್ಲಾಸ್ಟಿಕ್ ಕವರಿನೊಳಗೆ, ಮಡಿಕೆಯಲ್ಲಿ ಹರಿದ, ಅಂಟಿಸಿದ ಕಾರ್ಡು. ಅದರಲ್ಲಿ ಅವರ ಹೆಸರು ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ ಇತ್ತಂತೆ. ನಮ್ಮಲ್ಲಿರುವ ಹಳೆಯ ಕಾಗದಗಳಲ್ಲೂ ಅಜ್ಜನ ಹೆಸರು ಒಂದೊಂದು ಕಡೆ ಒಂದೊಂದು ರೀತಿ. ಅವರ ಜೊತೆಯಲ್ಲೇ ಕೂತೆ.

ವೇದಿಕೆಯಿಂದ ಸಂವಿಧಾನದ ಪೀಠಿಕೆಯನ್ನು ಕನ್ನಡದಲ್ಲಿ ಓದಿಸಿದರು, ಎಲ್ಲರೂ ಎದ್ದು ನಿಂತು ಹೇಳಿದೆವು. ಭಾಷಣಗಳು ಉದ್ದವಾದವು, ಅವನ್ನು ಬಿಡುತ್ತೇನೆ. ಒಬ್ಬರು ಕಾಗೋಡು ಸತ್ಯಾಗ್ರಹದ ಮಾತು ತೆಗೆದಾಗ ಮಾತ್ರ ನನ್ನ ಮೈ ನೆಟ್ಟಗಾಯಿತು. 1951ರಲ್ಲಿ ಸಾಗರದ ಪಕ್ಕದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ಆ ರೈತರ ಕೈಯಲ್ಲೂ ಉಳುಮೆಯ ಹಕ್ಕಿನ ಕಾಗದ ಇರಲಿಲ್ಲ.

ಕೊನೆಗೆ ರಾಷ್ಟ್ರಪತಿಗಳಿಗೆ ಬರೆದ ಮನವಿಯನ್ನು ಜಿಲ್ಲಾಡಳಿತದ ಮೂಲಕ ಕೊಡುವುದು. ಇಲ್ಲಿ ಮುಳುಗಡೆ ಹೋರಾಟದ ಪಾಠ ಕೆಲಸಕ್ಕೆ ಬಂತು. ಮನವಿ ಕೊಟ್ಟು ಫೋಟೋ ಹೊಡೆಸಿಕೊಂಡು ಹೊರಡಬಾರದು. ಇನ್ನೊಂದು ಪ್ರತಿಗೆ ಕಚೇರಿಯಲ್ಲಿ ಸ್ವೀಕೃತಿಯ ಸೀಲು, ತಾರೀಕು ಹಾಕಿಸಿಕೊಳ್ಳಬೇಕು. ಗದ್ದಲದಲ್ಲಿ ಯಾರಿಗೂ ಅದರ ಕಡೆ ಗಮನವಿರಲಿಲ್ಲ. ನಾವಿಬ್ಬರು ಹೆಂಗಸರು ನಿಂತು ಹಾಕಿಸಿಕೊಂಡೆವು.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಬೀದಿಗಳು ಖಾಲಿಯಾದವು. ಆ ವರ್ಷ ಏಪ್ರಿಲ್‌ನಿಂದ ನಡೆಯಬೇಕಿದ್ದ ಎನ್‌ಪಿಆರ್ (ರಾಷ್ಟ್ರೀಯ ಜನಸಂಖ್ಯಾ ನೋಂದಣಿ) ಪರಿಷ್ಕರಣೆ ಮುಂದಕ್ಕೆ ಹೋಯಿತು. ತಂದೆತಾಯಿ ಹುಟ್ಟಿದ ದಿನ, ಊರು ಕೇಳುವ ಪ್ರಶ್ನೆಗಳು ಇದ್ದುದು ಅದರಲ್ಲೇ. ಕಾಯ್ದೆ ಮಾತ್ರ ಹೋಗಲಿಲ್ಲ. 2024ರ ಮಾರ್ಚ್ 11ರಂದು ಅದರ ನಿಯಮಗಳೂ ಹೊರಬಂದವು. ಹೆದರಿಕೆ ಹಾಗೇ ಇದೆ, ಕೆಲಸವೂ ಇದೆ.

ಈಗ ನಾವು ಮಾಡುತ್ತಿರುವುದು ದೊಡ್ಡ ಸಭೆಯಲ್ಲ. ಅಂದು ಜೊತೆಗೆ ಕೂತ ಕೆಲವು ಹೆಂಗಸರು, ಮುಳುಗಡೆ ಮನೆಗಳವರೂ ಶಿವಮೊಗ್ಗದ ಮುಸ್ಲಿಂ ಮನೆಗಳವರೂ ಸೇರಿ, ಹಿರಿಯರ ದಾಖಲೆಗಳನ್ನು ಹೊಂದಿಸುತ್ತಿದ್ದೇವೆ. ಹಳೆಯ ಮತದಾರರ ಪಟ್ಟಿಯ ನಕಲು, ಶಾಲೆಯ ದಾಖಲಾತಿ ಪುಸ್ತಕದ ಪ್ರತಿ, ಎರಡು ಕಡೆ ಎರಡು ರೀತಿ ಬರೆದ ಹೆಸರು ಒಬ್ಬರದೇ ಎಂಬ ಅಫಿಡವಿಟ್. ತಡವಾದ ಜನನ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅದಕ್ಕೆ ಓಡಾಟ ಜಾಸ್ತಿ. ಅಮ್ಮನದು ಇನ್ನೂ ಆಗಿಲ್ಲ. ಹುಟ್ಟಿದ ಊರಿನ ಅಂಕಣದಲ್ಲಿ ಮುಳುಗಿದ ಊರಿನ ಹೆಸರನ್ನೇ ಬರೆಸಬೇಕೆಂದು ಅವಳು ಹಟ ಹಿಡಿದಿದ್ದಾಳೆ. ಅರ್ಜಿಯಲ್ಲಿ ಹಾಗೇ ಬರೆದುಕೊಟ್ಟಿದ್ದೇನೆ.