ಪುಟ್ಟ ಬೋರ್ಡಿನ ವೇಗ ಅಳೆಯುವ ಮುನ್ನ ಅದರ ಬಿಸಿ ನೋಡಿ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಸಾದರ ಪತ್ರಪ್ಪ ರಸ್ತೆಯಿಂದ ತಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಲಿನಕ್ಸ್ ಹಾಕಿ, ವೇಗ ಅಳೆಯುವ ಸಿಸ್‌ಬೆಂಚ್ ತಂತ್ರಾಂಶವನ್ನು ಒಮ್ಮೆ ಓಡಿಸಿ, ಬಂದ ಅಂಕಿಯನ್ನೇ ಪ್ರೊಸೆಸರಿನ ಸಾಮರ್ಥ್ಯವೆಂದು ಬರೆದುಕೊಳ್ಳುವವರು ಬಹಳ. ಆ ಅಂಕಿಯಲ್ಲಿ ಪ್ರೊಸೆಸರಿನ ಪಾಲೆಷ್ಟು, ಕೋಣೆಯ ಸೆಖೆಯ ಪಾಲೆಷ್ಟು, ಚಾರ್ಜರಿನ ಪಾಲೆಷ್ಟು ಎಂದು ಬೇರ್ಪಡಿಸುವುದರಲ್ಲೇ ಈ ಕೆಲಸದ ಮುಕ್ಕಾಲು ಶ್ರಮವಿದೆ.

ಮೊದಲು ವಿದ್ಯುತ್ತನ್ನು ಪರೀಕ್ಷಿಸಬೇಕು. ಈ ಬೋರ್ಡಿಗೆ 5 ವೋಲ್ಟ್, 3 ಆಂಪಿಯರ್ ಪೂರೈಕೆ ಬೇಕು. ಕೇಬಲ್ ತೆಳುವಾಗಿದ್ದರೆ ಕೆಲಸದ ಹೊರೆ ಏರಿದೊಡನೆ ವೋಲ್ಟೇಜ್ ಕುಸಿದು ಪ್ರೊಸೆಸರಿನ ಗಡಿಯಾರದ ವೇಗವೂ ಇಳಿಯುತ್ತದೆ. ನಾನು ಎರಡು ಸಂಜೆ ಲಿನಕ್ಸಿನ ತಿರುಳಾದ ಕರ್ನಲ್ಲನ್ನು ಶಂಕಿಸಿದ ಮೇಲೆ ಕೇಬಲ್ ಬದಲಿಸಿದೆ. ದೋಷ ಅಲ್ಲೇ ಇತ್ತು. ವೋಲ್ಟೇಜ್ ಕುಸಿಯಿತೇ, ವೇಗ ತಗ್ಗಿತೇ ಎಂದು ತಿಳಿಸುವ 'ಗೆಟ್ ಥ್ರಾಟಲ್ಡ್' ಆದೇಶಕ್ಕೆ ಸೊನ್ನೆಯ ಹೊರತು ಬೇರೆ ಉತ್ತರ ಬಂದರೆ ಆ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅನಂತರ ಪ್ರೊಸೆಸರಿನ ವೇಗ ನಿರ್ಧರಿಸುವ ಲಿನಕ್ಸಿನ ಗವರ್ನರ್ ಅನ್ನು ಸದಾ ಗರಿಷ್ಠ ವೇಗದ 'ಪರ್ಫಾರ್ಮೆನ್ಸ್'ಗೆ ಇರಿಸಿ. ಬ್ಯಾಟರಿಯ ಸಾಧನವನ್ನೇ ಅಳೆಯುವುದಾದರೆ ಮಾತ್ರ ಹೊರೆಗೆ ತಕ್ಕಂತೆ ವೇಗ ಬದಲಿಸುವ 'ಸ್ಕೆಡ್‌ಯುಟಿಲ್' ಇರಲಿ.

ಬಿಸಿಯದು ದೊಡ್ಡ ಕತೆ. ಲಿನಕ್ಸ್ ತಾಪವನ್ನು ಡಿಗ್ರಿಯ ಸಾವಿರದ ಒಂದಂಶದಲ್ಲಿ ಕೊಡುತ್ತದೆ: ಥರ್ಮಲ್ ಝೋನ್ ಕಡತದಲ್ಲಿ 61000 ಎಂದಿದ್ದರೆ ಅದು 61 ಡಿಗ್ರಿ. ಪೈ 4 ಸುಮಾರು 80 ಡಿಗ್ರಿ ಮುಟ್ಟಿದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಡಿಸೆಂಬರಿನ ಮುಂಜಾವಿನಲ್ಲಿ ಆ ಮಿತಿಯಿಂದ ದೂರವೇ ಉಳಿದ ಬೋರ್ಡು, ಏಪ್ರಿಲ್ ಮಧ್ಯಾಹ್ನ ಶೀಟು ಹೊದಿಸಿದ ತಾರಸಿ ಕೋಣೆಯಲ್ಲಿ ಕೆಲವೇ ನಿಮಿಷಗಳಲ್ಲಿ ಅದನ್ನು ಮುಟ್ಟಬಹುದು. ಆದ್ದರಿಂದ ಇಪ್ಪತ್ತು ನಿಮಿಷ ಬಿಡದೆ ಓಡಿಸಿ, ಸೆಕೆಂಡಿಗೊಮ್ಮೆ ತಾಪವನ್ನೂ ಪ್ರೊಸೆಸರಿನ ಆವರ್ತನವನ್ನೂ ದಾಖಲಿಸಿ, ಕೋಣೆಯ ಉಷ್ಣತೆಯನ್ನು ಪಕ್ಕದಲ್ಲೇ ಬರೆಯಿರಿ.

ಆರ್‌ಕೆ3399ರಂಥ ಚಿಪ್ಪಿನಲ್ಲಿ ನಾಲ್ಕು ಸಣ್ಣ ಎ53 ಕೋರ್‌ಗಳೂ (ಲೆಕ್ಕ ಮಾಡುವ ಘಟಕಗಳು) ಎರಡು ದೊಡ್ಡ ಎ72 ಕೋರ್‌ಗಳೂ ಇರುವುದರಿಂದ, ಟಾಸ್ಕ್‌ಸೆಟ್ ಆದೇಶದ ಮೂಲಕ ಕೆಲಸವನ್ನು ಒಂದು ಬಗೆಯ ಕೋರಿಗೆ ಕಟ್ಟಿಹಾಕದಿದ್ದರೆ ಅಳತೆ ಓಟದಿಂದ ಓಟಕ್ಕೆ ಜಿಗಿದಾಡುತ್ತದೆ. ಪರೀಕ್ಷೆಯ ಆಯ್ಕೆಯೂ ಮೋಸಮಾಡಬಲ್ಲದು: ಪೈ 4ರಲ್ಲಿ ಎಇಎಸ್ ಗೂಢಲಿಪೀಕರಣಕ್ಕೆ ಯಂತ್ರಾಂಶದ ನೆರವಿಲ್ಲ, ಪೈ 5ರಲ್ಲಿದೆ, ಗೂಢಲಿಪಿ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್ ತೋರುವ ಭಾರೀ ಅಂತರ ಉಳಿದ ಕೆಲಸಗಳಲ್ಲಿ ಕಾಣುವುದಿಲ್ಲ. 1984ರ ವೇಗಪರೀಕ್ಷೆ ಡ್ರೈಸ್ಟೋನ್ ಅನ್ನು ನಾನಂತೂ ಬಳಸುವುದಿಲ್ಲ.

ಕೊನೆಗೆ ಶಕ್ತಿಯ ಲೆಕ್ಕ. ಒಂದೇ ಕೆಲಸಕ್ಕೆ ಒಂದು ಬೋರ್ಡು 6 ವ್ಯಾಟ್‌ನಲ್ಲಿ 50 ಸೆಕೆಂಡು ತೆಗೆದುಕೊಂಡರೆ 300 ಜೂಲ್; ಇನ್ನೊಂದು 9 ವ್ಯಾಟ್‌ನಲ್ಲಿ 25 ಸೆಕೆಂಡಿಗೇ ಮುಗಿಸಿದರೆ 225 ಜೂಲ್. ಅಂದರೆ ಹೆಚ್ಚು ವ್ಯಾಟ್ ಎಳೆಯುವ ಬೋರ್ಡೇ ಮಿತವ್ಯಯಿ ಆಗಿರಬಹುದು. ಯುಎಸ್‌ಬಿ ಮೀಟರ್ ಮಿಲಿವ್ಯಾಟ್-ಗಂಟೆಯಲ್ಲಿ ಎಣಿಸಿದರೆ ಪ್ರತಿ ಅಂಕಿಗೂ 3.6 ಜೂಲ್, ಚಿಕ್ಕ ಕೆಲಸ ಅದರಲ್ಲಿ ಕಳೆದುಹೋಗುವುದರಿಂದ ಹತ್ತು ಬಾರಿ ಓಡಿಸಿ ಭಾಗಿಸಿ. ಮೀಟರನ್ನು ನಡುವೆ ಸಿಕ್ಕಿಸಿದಾಗ ಅದೂ ಒಂದಿಷ್ಟು ವೋಲ್ಟೇಜ್ ತಿನ್ನುತ್ತದೆ, ಹಾಗಾಗಿ 'ಗೆಟ್ ಥ್ರಾಟಲ್ಡ್' ಅನ್ನು ಮತ್ತೊಮ್ಮೆ ನೋಡಿ.